ಫ್ಲಾಟಿನಲ್ಲಿ ದೀಪಾವಳಿ: ಎರಡು ಊರಿನ ಹಬ್ಬ, ಒಂದೇ ಬಚ್ಚಲು

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ತವರು ಸಾಗರದ ಹತ್ತಿರ, ಗಂಡನ ಮನೆ ದಾವಣಗೆರೆ ಕಡೆ. ಮದುವೆಯಾಗಿ ಒಂಬತ್ತು ವರ್ಷ, ಪ್ರತಿ ದೀಪಾವಳಿಗೂ ಎರಡರಲ್ಲಿ ಒಂದು ಊರಿಗೆ ಹೋಗುತ್ತಿದ್ದೆವು. ಮಾವ ತೀರಿಕೊಂಡು ಎರಡು ವರ್ಷವಾಯಿತು. ಅತ್ತೆ ಈಗ ಬೆಂಗಳೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಈ ಸಲ ಅಪ್ಪ ಅಮ್ಮನೂ ಇಲ್ಲಿಗೇ ಬರುತ್ತಿದ್ದಾರೆ. ಎಂಟನೇ ಮಹಡಿಯ ಫ್ಲಾಟು. ಹಂಡೆ ಇಲ್ಲ, ಹಸು ಇಲ್ಲ, ಅಂಗಳ ಇಲ್ಲ. ಅಮ್ಮ ಬಲೀಂದ್ರನನ್ನು ಕೂರಿಸಬೇಕು ಅನ್ನುತ್ತಾರೆ, ಅತ್ತೆ ಹಿರಿಯರಿಗೆ ಎಡೆ ಇಡಬೇಕು ಅನ್ನುತ್ತಾರೆ, ಗಂಡ ಆಫೀಸಿಗೆ ರಜೆ ಅಮಾವಾಸ್ಯೆಗೆ ಮಾತ್ರ ಅನ್ನುತ್ತಾರೆ. ಏಳು ಮತ್ತು ನಾಲ್ಕು ವರ್ಷದ ಮಕ್ಕಳಿಗೆ ಹಬ್ಬ ಅಂದರೆ ಪಟಾಕಿ. ಪಕ್ಕದ ಮನೆಯವರು ಕೊಟ್ಟ ಕಜ್ಜಾಯದ ರುಚಿ ಬೇರೆ ಹತ್ತಿದೆ, ಹೋದ ವರ್ಷ ನಾನು ಮಾಡಿದ್ದು ಎಣ್ಣೆಯಲ್ಲೇ ಕರಗಿಹೋಯಿತು. ಎಲ್ಲಿಂದ ಶುರು ಮಾಡಲಿ? ಯಾರ ಪದ್ಧತಿ ಸರಿ?

ಉತ್ತರ: ಬಚ್ಚಲಿನಿಂದ ಶುರು ಮಾಡಿ.

ತಮಾಷೆಗೆ ಹೇಳುತ್ತಿಲ್ಲ. ಹಬ್ಬಗಳ ಪದ್ಧತಿ ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಎಷ್ಟೋ ವರ್ಷ ಊರೂರು ಸುತ್ತಿದ್ದೇನೆ. ದೀಪಾವಳಿಯ ವಿಷಯದಲ್ಲಿ ಪಕ್ಕಪಕ್ಕದ ಎರಡು ತಾಲ್ಲೂಕುಗಳೇ ಒಪ್ಪುವುದಿಲ್ಲ, ಇನ್ನು ಸಾಗರ ಮತ್ತು ದಾವಣಗೆರೆ ಎಲ್ಲಿ ಒಪ್ಪಬೇಕು ಹೇಳಿ. ಒಬ್ಬರಿಗೆ ಅಮಾವಾಸ್ಯೆ ದೊಡ್ಡದು, ಇನ್ನೊಬ್ಬರಿಗೆ ಪಾಡ್ಯ. ಒಂದು ಮನೆಯಲ್ಲಿ ಹೋಳಿಗೆ, ಮತ್ತೊಂದರಲ್ಲಿ ಕಡುಬು, ಕರಾವಳಿಗೆ ಇಳಿದರೆ ಬೆಳಗ್ಗೆ ಎದ್ದ ಕೂಡಲೇ ಉದ್ದಿನ ದೋಸೆ. ಆದರೆ ನಾನು ಹೋದ ಹೆಚ್ಚಿನ ಕಡೆ ಒಂದು ಸಂಜೆ ಮಾತ್ರ ಒಂದೇ ಥರ ಇತ್ತು. ಅದು ನೀರು ತುಂಬುವ ಹಬ್ಬ. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ಬಚ್ಚಲು ತೊಳೆದು, ಹಂಡೆಯ ಮಸಿ ಉಜ್ಜಿ, ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿಯನ್ನೋ ಹೂವನ್ನೋ ಸುತ್ತಿ, ಹೊಸ ನೀರು ತುಂಬಿ ಅದಕ್ಕೆ ಅರಿಶಿನ ಕುಂಕುಮ ಹಚ್ಚುವುದು. ನಿಮ್ಮ ಅಮ್ಮನಿಗೂ ಗೊತ್ತಿರುತ್ತದೆ, ಅತ್ತೆಗೂ ಗೊತ್ತಿರುತ್ತದೆ. ಇಬ್ಬರೂ ಜಗಳವಿಲ್ಲದೆ ಕೈ ಹಾಕುವ ಕೆಲಸ ಇದೊಂದೇ. ಅದಕ್ಕೇ ಹೇಳಿದ್ದು, ಅಲ್ಲಿಂದ ಶುರು ಮಾಡಿ ಅಂತ. (ಅದೇ ಸಂಜೆ ಚಿನ್ನ ಕೊಳ್ಳಬೇಕು ಅಂತ ಈಗ ಬೆಂಗಳೂರಿನ ತುಂಬ ಜಾಹೀರಾತು. ನಮ್ಮಜ್ಜಿ ಧನ್‌ತೇರಸ್ ಅನ್ನುವ ಹೆಸರನ್ನೇ ಕೇಳಿರಲಿಲ್ಲ. ಅವರು ಆ ಸಂಜೆ ಹುಣಸೆಹಣ್ಣು ಹಾಕಿ ತಾಮ್ರ ತಿಕ್ಕುತ್ತಿದ್ದರು.)

ಹಂಡೆ ಇಲ್ಲ ಅಂದಿರಿ. ತಾಮ್ರದ ಅಥವಾ ಹಿತ್ತಾಳೆಯ ಒಂದು ಕೊಡವಾದರೂ ಅತ್ತೆಯ ಸಾಮಾನಿನಲ್ಲಿ ಇದ್ದೇ ಇರುತ್ತದೆ, ಕೇಳಿ ನೋಡಿ. ಅದೂ ಇಲ್ಲವೇ, ಸ್ಟೀಲಿನ ದೊಡ್ಡ ಪಾತ್ರೆ ಸಾಕು. ಮಕ್ಕಳ ಕೈಗೆ ಸುಣ್ಣ ಕೊಡಬೇಡಿ, ಕಣ್ಣಿಗೆ ಹೋದರೆ ತುಂಬ ಅಪಾಯ. ಅಕ್ಕಿಹಿಟ್ಟು ಕಲಸಿ ಕೊಡಿ. ಏಳು ವರ್ಷದ್ದು ಬಿಳಿ ಪಟ್ಟೆ ಎಳೆಯಲಿ, ನಾಲ್ಕು ವರ್ಷದ್ದು ಕೆಮ್ಮಣ್ಣಿನ ಚುಕ್ಕೆ ಇಡಲಿ, ವಂಕಿವಂಕಿಯಾದರೆ ಆಗಲಿ ಬಿಡಿ. ಮಾರನೇ ದಿನ ಬೆಳಗ್ಗೆ ಆ ಪಾತ್ರೆಯ ನೀರನ್ನು ಗೀಸರಿನ ಬಿಸಿನೀರಿಗೆ ಒಂದೊಂದು ತಂಬಿಗೆ ಬೆರೆಸಿದರೆ ಆಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನವರು ಟ್ಯಾಂಕರಿಗೆ ಕಾದು ಕೂತಿದ್ದು ನೆನಪಿದೆಯಲ್ಲ? ತುಂಬಿದ ಕೊಡಕ್ಕೆ ಯಾಕೆ ಕುಂಕುಮ ಹಚ್ಚುತ್ತಾರೆ ಅಂತ ನಿಮ್ಮ ದೊಡ್ಡ ಮಗು ಕೇಳಿದರೆ ಆ ಕಥೆಯನ್ನೇ ಹೇಳಿ, ಪುರಾಣ ಆಮೇಲೆ.

ಈಗ ದಿನಗಳ ಗೊಂದಲ. ನಿಮ್ಮ ಯಜಮಾನರಿಗೆ ಅಮಾವಾಸ್ಯೆಗೆ ರಜೆ ಇರುವುದಕ್ಕೆ ಕಾರಣ ಇದೆ. ಉತ್ತರದಲ್ಲಿ ದೊಡ್ಡ ದಿನ ಅಮಾವಾಸ್ಯೆಯ ಲಕ್ಷ್ಮೀ ಪೂಜೆ, ಬೆಂಗಳೂರಿನ ಬಹಳಷ್ಟು ಕಂಪನಿಗಳು ಅದೇ ಕ್ಯಾಲೆಂಡರ್ ಹಿಡಿಯುತ್ತವೆ. ಕರ್ನಾಟಕ ಸರ್ಕಾರದ ರಜೆಪಟ್ಟಿ ತೆಗೆದು ನೋಡಿ, ಅಲ್ಲಿರುವುದು ನರಕ ಚತುರ್ದಶಿ ಮತ್ತು ಬಲಿಪಾಡ್ಯಮಿ. ಅಮಾವಾಸ್ಯೆ ನಡುವೆ ಸಿಕ್ಕಿಕೊಂಡ ಕೆಲಸದ ದಿನ! ನಮ್ಮ ಹಬ್ಬದ ಎರಡು ಕೊನೆ ಯಾವುದು ಅಂತ ಆ ಪಟ್ಟಿಯೇ ಹೇಳಿಬಿಡುತ್ತದೆ. ಒಂದೇ ರಜೆ ಕೇಳಿ ಹಾಕುವುದಾದರೆ ಪಾಡ್ಯಕ್ಕೆ ಹಾಕಲು ಹೇಳಿ.

ಇನ್ನೊಂದು ವಿಷಯ, ಪ್ರತಿ ವರ್ಷ ನನ್ನನ್ನು ಕೇಳುತ್ತಾರೆ: ಕೆಲವು ಸಲ ನಡುವೆ ಒಂದು ದಿನ ಯಾಕೆ ಖಾಲಿ ಬೀಳುತ್ತದೆ ಅಂತ. ಚತುರ್ದಶಿಯ ಎಣ್ಣೆಸ್ನಾನಕ್ಕೆ ಬೆಳಗಿನ ಜಾವದ ತಿಥಿ ನೋಡುತ್ತಾರೆ, ಲಕ್ಷ್ಮೀ ಪೂಜೆಗೆ ಸಂಜೆಯ ತಿಥಿ, ಪಾಡ್ಯಕ್ಕೆ ಸಾಮಾನ್ಯವಾಗಿ ಸೂರ್ಯ ಹುಟ್ಟುವ ಹೊತ್ತಿನ ತಿಥಿ. 2025ರಲ್ಲಿ ಅಮಾವಾಸ್ಯೆ ಅಕ್ಟೋಬರ್ 20ರ ಮಧ್ಯಾಹ್ನ ಹಿಡಿದು 21ರ ಸಂಜೆಗೆ ಬಿಟ್ಟಿತು. ಹಾಗಾಗಿ 20ರ ಬೆಳಗ್ಗೆ ಎಣ್ಣೆಸ್ನಾನ, ಎಷ್ಟೋ ಮನೆಗಳಲ್ಲಿ ಅದೇ ಸಂಜೆ ಲಕ್ಷ್ಮೀ ಪೂಜೆ, ಕೆಲವರು ಮಾಡಿದ್ದು 21ಕ್ಕೆ, ಬಲಿಪಾಡ್ಯಮಿ 22ಕ್ಕೆ. ಎರಡೂ ಪಂಚಾಂಗ ತಪ್ಪಲ್ಲ. ನಿಮ್ಮ ಮನೆಗೆ ಯಾವ ಪಂಚಾಂಗ ಬರುತ್ತದೋ ಅದನ್ನು ಹಿಡಿದು ಸುಮ್ನೆ ಇದ್ದುಬಿಡಿ, ವಾಟ್ಸ್ಆ್ಯಪ್ಪಿನಲ್ಲಿ ಬಂದ ಮುಹೂರ್ತಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಚತುರ್ದಶಿಯ ಬೆಳಗ್ಗೆ ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಮಕ್ಕಳ ನೆನಪಿನಲ್ಲಿ ದೊಡ್ಡವರಾದ ಮೇಲೂ ಉಳಿಯುವುದು ಇದು. ನಿಮ್ಮನ್ನೇ ಕೇಳಿಕೊಳ್ಳಿ, ನಿಮ್ಮ ಚಿಕ್ಕಂದಿನ ದೀಪಾವಳಿ ಅಂದರೆ ಮೊದಲು ನೆನಪಾಗುವುದು ಕತ್ತಲಲ್ಲಿ ಎಬ್ಬಿಸಿ ಮಣೆ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದ್ದೇ ಅಲ್ವಾ? ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ, ನಿಮ್ಮ ಮನೆಯ ರೂಢಿ. ಮನೆಯ ಹಿರಿಯ ಹೆಂಗಸು ಮೊದಲು ಹಚ್ಚಬೇಕು. ನಿಮ್ಮಲ್ಲಿ ಇಬ್ಬರು ಹಿರಿಯರಿದ್ದಾರೆ, ಮಕ್ಕಳೂ ಇಬ್ಬರು. ಒಂದು ತಲೆ ಅತ್ತೆಗೆ, ಒಂದು ತಲೆ ಅಮ್ಮನಿಗೆ. ಲೆಕ್ಕ ಸರಿಹೋಯಿತು! ಗಂಡ, ಅಪ್ಪ, ನೀವು, ಎಲ್ಲರೂ ಕೂರಬೇಕು. ನಿಮ್ಮನ್ನು ನೀವೇ ಬಿಟ್ಟುಕೊಳ್ಳಬೇಡಿ. ಹಬ್ಬದ ದಿನ ಮನೆಯ ಸೊಸೆಗೆ ಎಣ್ಣೆ ಹಚ್ಚುವವರಿಲ್ಲದೆ ಅವಳು ಅಡುಗೆಮನೆಯಲ್ಲೇ ಇರುವುದನ್ನು ನಾನು ಜಾಸ್ತಿ ನೋಡಿದ್ದೇನೆ, ಹಳ್ಳಿಯಲ್ಲೂ, ಫ್ಲಾಟಿನಲ್ಲೂ. ಆಮೇಲೆ ಆರತಿ, ಸ್ನಾನ, ಹೊಸ ಬಟ್ಟೆ. ನರಕಾಸುರನ ಕಥೆಯನ್ನು ಎಣ್ಣೆ ಹಚ್ಚುವಾಗಲೇ ಹೇಳಿ, ಆಗ ಮಕ್ಕಳು ಎಲ್ಲಿಗೂ ಓಡಲಾರರು.

ಇಲ್ಲಿ ಎರಡು ಎಚ್ಚರಿಕೆ. ಒಂದು, ಟೈಲ್ಸಿನ ಮೇಲೆ ಎಣ್ಣೆ ಬಿದ್ದರೆ ಗಾಜಿನಂತೆ ಜಾರುತ್ತದೆ. ಹಳೆಯ ಬಚ್ಚಲಿನ ಕಲ್ಲು ಒರಟಾಗಿತ್ತು, ನಡೆಯುತ್ತಿತ್ತು. ಪ್ರತಿಯೊಬ್ಬರ ಸ್ನಾನ ಆದ ಮೇಲೆ ನೆಲಕ್ಕೆ ಒಂದು ಹಿಡಿ ಸೀಗೆಪುಡಿಯೋ ಕಡ್ಲೆಹಿಟ್ಟೋ ಹಾಕಿ ಪೊರಕೆಯಿಂದ ಉಜ್ಜಿ, ಆಮೇಲೆ ಮುಂದಿನವರು. ಅತ್ತೆ, ಅಮ್ಮ ಈ ವಯಸ್ಸಿನಲ್ಲಿ ಬಿದ್ದರೆ ಸೊಂಟದ ಮೂಳೆಗೇ ಬರುತ್ತದೆ. ಎರಡು, ನಿಮ್ಮದು ಗ್ಯಾಸ್ ಗೀಸರ್ ಆಗಿದ್ದರೆ, ಅದೂ ಬಚ್ಚಲಿನ ಒಳಗೇ ಇದ್ದರೆ, ಏಳು ಜನ ಒಬ್ಬರಾದ ಮೇಲೊಬ್ಬರು ಬಾಗಿಲು ಕಿಟಕಿ ಮುಚ್ಚಿಕೊಂಡು ಸ್ನಾನ ಮಾಡುವುದು ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿ ಬೀಳುವವರೆಗೂ ಗೊತ್ತಾಗುವುದಿಲ್ಲ. ಬಿಸಿನೀರು ಬಕೆಟ್ಟಿಗೆ ಹಿಡಿದುಕೊಂಡು, ಗೀಸರ್ ಆರಿಸಿ, ಕಿಟಕಿ ತೆರೆದು, ಆಮೇಲೆ ಒಳಗೆ ಹೋಗಿ. ಪಟಾಕಿ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಇದರ ಬಗ್ಗೆ ಹೇಳುವವರು ಕಡಿಮೆ.

ಇನ್ನು ನಿಮ್ಮ ಅಸಲಿ ಪ್ರಶ್ನೆ: ಅಮ್ಮನ ಬಲೀಂದ್ರನೋ, ಅತ್ತೆಯ ಎಡೆಯೋ. ಎರಡೂ. ನೀವು ಅಂದುಕೊಂಡಷ್ಟು ಅವು ಬೇರೆ ಬೇರೆ ಅಲ್ಲ.

ವಾಮನ ಮೂರು ಹೆಜ್ಜೆ ಕೇಳಿ ಬಲಿಯನ್ನು ಪಾತಾಳಕ್ಕೆ ತುಳಿದ ಕಥೆ ನಿಮಗೆ ಗೊತ್ತು. ಕಥೆಯ ಬಾಲ ಇಲ್ಲಿದೆ: ವರ್ಷಕ್ಕೊಮ್ಮೆ ತನ್ನ ಭೂಮಿ ನೋಡಲು ಅವನು ಬರುತ್ತಾನೆ. ಮಲೆನಾಡಿನಲ್ಲಿ ಕಲಶ ಇಟ್ಟು ಅವನನ್ನು ಕೂರಿಸಿ, ಇದ್ದಷ್ಟು ದಿನ ಪೂಜಿಸಿ, ಕಳಿಸಿಕೊಡುತ್ತಾರೆ. ತುಳುನಾಡಿನಲ್ಲಿ ಬಲಿಯೇಂದ್ರ ಅಂತ ಗದ್ದೆಗೆ ದೀಪ ಒಯ್ದು 'ಕೂ' ಹಾಕಿ ಕರೆಯುತ್ತಾರೆ. ಹಳೇ ಮೈಸೂರಿನ ಮನೆಗಳಲ್ಲಿ ಸಗಣಿಯಲ್ಲಿ ಬಲೀಂದ್ರನ ಕೋಟೆ ಕಟ್ಟುತ್ತಾರೆ. ಅಂದರೆ ಹೋದವನೊಬ್ಬ ಮನೆಗೆ ಬರುವ ದಿನ. ನಿಮ್ಮ ಅತ್ತೆಯ ಕಡೆ, ಮಧ್ಯ ಕರ್ನಾಟಕದ ಎಷ್ಟೋ ಮನೆಗಳಲ್ಲಿ, ದೀಪಾವಳಿ ಅಂದರೆ ಹಿರಿಯರ ಹಬ್ಬ. ತೀರಿಕೊಂಡವರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾಗಿದ್ದನ್ನು ಮಾಡಿ, ಬಾಳೆಲೆಯ ಮೇಲೆ ಎಡೆ ಹಾಕಿ ಧೂಪ ಹಾಕುತ್ತಾರೆ. ಅಲ್ಲೂ ಹೋದವರು ಬರುವುದೇ. ನಿಮ್ಮ ಅಮ್ಮನಿಗೆ ಇದನ್ನು ಹೀಗೆ ಹೇಳಿ ನೋಡಿ, ತಟ್ಟನೆ ಅರ್ಥವಾಗುತ್ತದೆ.

ಎಡೆ ಯಾವ ಹೊತ್ತಿಗೆ, ಯಾವ ದಿಕ್ಕಿಗೆ, ಏನೇನು ಅಂತ ನನ್ನನ್ನು ಕೇಳಬೇಡಿ, ಅತ್ತೆಯನ್ನು ಕೇಳಿ. ನಿಜವಾಗಿ ಕೇಳಿ, ಪುಸ್ತಕ ಹಿಡಿದು ಬರೆದುಕೊಳ್ಳಿ. ಊರಿನ ಮನೆಗೆ ಬೀಗ ಹಾಕಿ ಬಂದ ಹೆಂಗಸಿಗೆ, ಮಗನ ಫ್ಲಾಟಿನಲ್ಲಿ ತನಗೆ ಗೊತ್ತಿರುವುದು ಯಾರಿಗೂ ಬೇಕಿಲ್ಲ ಅನ್ನಿಸುವುದಕ್ಕೆ ಎರಡು ವರ್ಷ ಬೇಕಾದಷ್ಟು. ಮಾವನಿಗೆ ಪಂಚೆ, ಶಲ್ಯ ತರುವ ಕೆಲಸ ನಿಮ್ಮ ಯಜಮಾನರಿಗೆ ಬಿಡಿ. ಪೂಜೆಯಾದ ಮೇಲೆ ಆ ಬಟ್ಟೆ ಅವರೇ ಉಡಬಹುದು, ಹೀಗೆ ಉಡುವ ರೂಢಿ ಇದೆ. ಅಜ್ಜನಿಗೆ ಯಾವ ತಿಂಡಿ ಇಷ್ಟ ಅಂತ ಅಜ್ಜಿಯನ್ನು ಕೇಳಿಕೊಂಡು ಬರಲು ಮಕ್ಕಳನ್ನು ಕಳಿಸಿ. ಎಡೆಯಲ್ಲಿ ಮಿರ್ಚಿ ಮಂಡಕ್ಕಿ ಬಂದರೂ ಬರಬಹುದು, ದಾವಣಗೆರೆಯವರು ತಾನೇ.

ಪಾಡ್ಯದ ದಿನ ಸಗಣಿಯ ವಿಷಯ ಬರುತ್ತದೆ. ಅತ್ತೆಯ ಕಡೆ ಸಗಣಿಯ ಸಣ್ಣ ಉಂಡೆ ಮಾಡಿ, ಹೂವು, ಉತ್ರಾಣಿ ಕಡ್ಡಿ ಸಿಕ್ಕಿಸಿ ಹೊಸ್ತಿಲ ಪಕ್ಕ ಇಡುವುದುಂಟು. ಕೆಲವು ಊರಲ್ಲಿ ಕೆರಕ ಅನ್ನುತ್ತಾರೆ, ಕೆಲವು ಊರಲ್ಲಿ ಹಟ್ಟಿ ಲಕ್ಕಮ್ಮ, ಇನ್ನೂ ಮೇಲೆ ಉತ್ತರಕ್ಕೆ ಹೋದರೆ ಪಾಂಡವರು. ಹುಚ್ಚೆಳ್ಳಿನ ಹಳದಿ ಹೂವು ಹೊಲದಲ್ಲಿ ಬಿಡುವ ಕಾಲ, ಅದನ್ನೇ ಸಿಕ್ಕಿಸುತ್ತಾರೆ. ನಿಮಗೆ ಚೆಂಡು ಹೂವು ಸಾಕು. ಬೆಂಗಳೂರಿನಲ್ಲಿ ಸಗಣಿ ಸಿಗುವುದಿಲ್ಲ ಅನ್ನುವುದು ಸುಳ್ಳು, ಹಸು ಕಟ್ಟಿ ಹಾಲು ಮಾರುವವರು ಹಳೆಯ ಬಡಾವಣೆಗಳಲ್ಲಿ ಇನ್ನೂ ಇದ್ದಾರೆ. ಹಿಂದಿನ ದಿನವೇ ಹೇಳಿಟ್ಟರೆ ಒಂದು ಡಬ್ಬಿಯಲ್ಲಿ ಕೊಡುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಬಾಳೆಹಣ್ಣು ತಿನ್ನಿಸಿ, ಹಸುವಿನ ಹಣೆಗೆ ಕುಂಕುಮ ಇಟ್ಟು ಬನ್ನಿ. ನಿಮ್ಮ ಅಮ್ಮನ ಗೋಪೂಜೆಯೂ ಆಯಿತು, ಅತ್ತೆಯ ಕೆರಕಕ್ಕೆ ಸಗಣಿಯೂ ಸಿಕ್ಕಿತು. ಹಬ್ಬದ ಬೆಳಗ್ಗೆ ಎಲ್ಲರೂ ತಂದು ಸುರಿದು ಆ ಹಸುವಿಗೆ ಹೊಟ್ಟೆ ಉಬ್ಬರ ಬರುತ್ತದೆ, ಹಾಗಾಗಿ ಹೋಳಿಗೆ, ಅನ್ನ ರಾಶಿ ಹಾಕಬೇಡಿ. ಹುಲ್ಲು, ಒಂದೆರಡು ಹಣ್ಣು ಸಾಕು.

ಬಲೀಂದ್ರನ ಕಲಶ ದೇವರ ಮನೆಯಲ್ಲಿ, ಕೆರಕ ಹೊಸ್ತಿಲ ಬಳಿ, ಎಡೆ ಹಾಲಿನಲ್ಲಿ ಮಾವನ ಫೋಟೋ ಮುಂದೆ. ಜಾಗ ಹಂಚಿಕೊಟ್ಟರೆ ಅರ್ಧ ಜಗಳ ಕಡಿಮೆ. ಅಡುಗೆಮನೆಯ ಒಲೆ ಮಾತ್ರ ಒಂದೇ. ಒಂದು ದಿನದ ಅಡುಗೆ ಅಮ್ಮನದು, ಒಂದು ದಿನದ್ದು ಅತ್ತೆಯದು ಅಂತ ಮೊದಲೇ ಮಾತಾಡಿಕೊಳ್ಳಿ. ಒಂದೇ ದಿನ ಸೌತೆಕಾಯಿ ಕಡುಬು, ಹೋಳಿಗೆ, ಕರ್ಚಿಕಾಯಿ ಮೂರೂ ಮಾಡಿದರೆ ತಿನ್ನುವವರು ಯಾರು?

ಈಗ ಕಜ್ಜಾಯ. ಇದು ನಿಮ್ಮಿಬ್ಬರ ಊರಿನದ್ದಕ್ಕಿಂತ ನಮ್ಮ ಕಡೆಯದು, ತುಮಕೂರು, ಕೋಲಾರ, ಬೆಂಗಳೂರಿನ ಸುತ್ತಿನದು. ಕೇದಾರೇಶ್ವರನ ನೋಮು, ಅಂದರೆ ವ್ರತ, ಮಾಡುವ ಮನೆಗಳಲ್ಲಿ 21 ಎಳೆಯ ದಾರಕ್ಕೆ 21 ಕಜ್ಜಾಯ ಲೆಕ್ಕ ಹಾಕಿ ಇಡುತ್ತಾರೆ. ನಿಮ್ಮ ಪಕ್ಕದ ಮನೆಯವರು ಬಹುಶಃ ಅಂಥವರೇ. ಎಣ್ಣೆಯಲ್ಲಿ ಕರಗಿತು ಅಂತ ಬೇಜಾರು ಮಾಡಿಕೊಳ್ಳಬೇಡಿ, ಮದುವೆಯಾದ ಹೊಸತರಲ್ಲಿ ನಾನು ಮಾಡಿದ್ದೂ ಬಾಣಲೆಯಲ್ಲಿ ಪಾಯಸವಾಗಿ ಹೋಗಿತ್ತು, ಅದೂ ನಾದಿನಿಯರೆಲ್ಲ ಸುತ್ತ ನಿಂತಿದ್ದಾಗ.

ಒಂದು ಕೆಜಿ ಅಕ್ಕಿಗೆ ಮುಕ್ಕಾಲು ಕೆಜಿ ಬೆಲ್ಲ. ಮಕ್ಕಳ ಮನೆ, ಕಾಲು ಕೆಜಿಯಲ್ಲಿ ಶುರು ಮಾಡಿ. ಅಕ್ಕಿಯನ್ನು ಒಂದು ರಾತ್ರಿ ನೆನೆಸಿ, ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ. ಪೂರ್ತಿ ಒಣಗಬಾರದು, ಗುಟ್ಟೆಲ್ಲ ಇಲ್ಲೇ ಇರುವುದು. ಮುಟ್ಟಿದರೆ ಕೈಗೆ ನೀರು ಅಂಟಬಾರದು, ಆದರೆ ಅಕ್ಕಿ ತಣ್ಣಗಿರಬೇಕು. ಮಿಕ್ಸಿಗೆ ಹಾಕಿ ಪುಡಿ ಮಾಡಿ ಜರಡಿ ಹಿಡಿಯಿರಿ. ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು. ಅಂಗಡಿಯ ಒಣ ಅಕ್ಕಿಹಿಟ್ಟು ಇದಕ್ಕೆ ಆಗುವುದೇ ಇಲ್ಲ, ನೀವು ಹೋದ ವರ್ಷ ಅದನ್ನೇ ಹಾಕಿದ್ದಿರೋ ಏನೋ. ಬೆಲ್ಲಕ್ಕೆ ಸ್ವಲ್ಪವೇ ನೀರು ಹಾಕಿ ಕರಗಿಸಿ ಸೋಸಿ ಪಾಕಕ್ಕಿಡಿ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತಗಿನ ಉಂಡೆಯಾಗಬೇಕು. ಹರಡಿಕೊಂಡರೆ ಪಾಕ ಇನ್ನೂ ಬಂದಿಲ್ಲ, ಟಣ್ ಅಂತ ಸದ್ದು ಮಾಡಿದರೆ ಮೀರಿತು. ಒಲೆಯಿಂದ ಇಳಿಸಿ ಗಸಗಸೆ, ಏಲಕ್ಕಿ ಹಾಕಿ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ತಿರುವಿ. ಚಪಾತಿ ಹಿಟ್ಟಿಗಿಂತ ಸಡಿಲ ಇರುವಾಗಲೇ ನಿಲ್ಲಿಸಿ, ಆರಿದ ಮೇಲೆ ತಾನೇ ಗಟ್ಟಿಯಾಗುತ್ತದೆ. ಮೇಲೆ ತುಪ್ಪ ಸವರಿ, ಮುಚ್ಚಿ, ಕಡಿಮೆಯೆಂದರೆ ಒಂದು ದಿನ ಇಡಿ.

ಕರಿಯುವ ದಿನ ಮೊದಲು ಒಂದನ್ನೇ ಬಿಟ್ಟು ನೋಡಿ. ಒಡೆದು ಕರಗಿದರೆ ಪಾಕ ಎಳೆಯದಾಗಿದೆ, ಇನ್ನಷ್ಟು ಹಸಿ ಅಕ್ಕಿಹಿಟ್ಟು ನಾದಿ. ಗಟ್ಟಿಯಾಗಿ ಕಲ್ಲಾದರೆ ಪಾಕ ಏರಿದೆ, ಒಂದೆರಡು ಚಮಚ ಹಾಲು ಚಿಮುಕಿಸಿ ನಾದಿ. ಉರಿ ಸಣ್ಣಗಿರಲಿ. ತೆಗೆಯುವಾಗ ಎರಡು ಜಾಲರಿ ಸೌಟುಗಳ ನಡುವೆ ಒತ್ತಿ ಎಣ್ಣೆ ಹಿಂಡಿ. ಬಿಸಿಯಲ್ಲಿ ಮೆತ್ತಗಿರುತ್ತದೆ, ಆಗಲೇ ತಿನ್ನಬೇಡಿ, ಮಾರನೇ ದಿನ ರುಚಿ ಜಾಸ್ತಿ. ಈ ಒತ್ತುವ ಕೆಲಸಕ್ಕೆ ಇನ್ನೊಂದು ಜೊತೆ ಕೈ ಬೇಕೇ ಬೇಕು, ನಿಮ್ಮ ಯಜಮಾನರನ್ನು ನಿಲ್ಲಿಸಿಕೊಳ್ಳಿ.

ದೀಪಗಳ ಬಗ್ಗೆ ಒಂದೆರಡು ಮಾತು. ಹೊಸ ಮಣ್ಣಿನ ಹಣತೆಗಳನ್ನು ಎರಡು ಮೂರು ಗಂಟೆ ನೀರಲ್ಲಿ ಮುಳುಗಿಸಿಟ್ಟು ಒಣಗಿಸಿ, ಇಲ್ಲವಾದರೆ ಎಣ್ಣೆಯನ್ನೆಲ್ಲ ಮಣ್ಣೇ ಕುಡಿಯುತ್ತದೆ. ಹಳೇ ಮೈಸೂರಿನಲ್ಲಿ ಹೊಂಗೆಎಣ್ಣೆ, ಹರಳೆಣ್ಣೆ ಹಾಕುತ್ತಿದ್ದರು, ಹರಳೆಣ್ಣೆ ನಿಧಾನವಾಗಿ ಉರಿಯುತ್ತದೆ. 15ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಇಟಲಿಯ ನಿಕೊಲೊ ಕಾಂಟಿ, ದೇವಸ್ಥಾನದ ಒಳಗೆ, ಮಾಡಿನ ಮೇಲೆ ಲೆಕ್ಕವಿಲ್ಲದಷ್ಟು ಎಣ್ಣೆದೀಪ ಹಚ್ಚುವ ಹಬ್ಬ ಕಂಡೆ ಅಂತ ಬರೆದಿಟ್ಟಿದ್ದಾನೆ. ಅವನಿಗೆ ಬಾಲ್ಕನಿಯ ಪಾಲಿಯೆಸ್ಟರ್ ಪರದೆಯ ಚಿಂತೆ ಇರಲಿಲ್ಲ. ನಿಮಗಿದೆ. ಪರದೆ ಬಿಚ್ಚಿ ಒಳಗಿಡಿ, ಪ್ಲಾಸ್ಟಿಕ್ ತೋರಣದ ಕೆಳಗೆ ಹಣತೆ ಇಡಬೇಡಿ, ಎಂಟನೇ ಮಹಡಿಯ ಕಟ್ಟೆಯ ಮೇಲಂತೂ ಬೇಡ, ಗಾಳಿಗೆ ಕೆಳಗಿನವರ ತಲೆ ಮೇಲೆ ಬೀಳುತ್ತದೆ. ನೆಲದ ಮೇಲೆ ಸ್ಟೀಲ್ ತಟ್ಟೆಯಲ್ಲಿ ಮರಳು ಹರಡಿ ಇಡಿ. ನಮ್ಮ ಮನೆಯಲ್ಲಿ ಒಂದು ವರ್ಷ ಸೆರಗಿಗೇ ತಾಗಿತ್ತು. ಹತ್ತಿ ಸೀರೆಯಾದ್ದರಿಂದ ಕೈಯಲ್ಲಿ ಹೊಸಕಿ ಆರಿಸಿದೆ, ಸಿಂಥೆಟಿಕ್ ಆಗಿದ್ದರೆ ಕರಗಿ ಮೈಗೆ ಅಂಟುತ್ತಿತ್ತು.

ನಿಮ್ಮ ಅಪ್ಪನಿಗೆ ಒಂದು ಕೆಲಸ ಬೇಕಲ್ಲ. ಸಾಗರದವರು ಅಂದ ಮೇಲೆ ಅವರಿಗೆ ಅಂಟಿಗೆ ಪಂಟಿಗೆ ಗೊತ್ತಿರಲೇಬೇಕು. ದೀಪಾವಳಿಯ ರಾತ್ರಿ ದೀಪ ಹಿಡಿದುಕೊಂಡು ಹಾಡುತ್ತಾ ಮನೆಮನೆಗೆ, ಊರೂರಿಗೆ ಹೋಗುವ ತಂಡ. ಆ ದೀಪ ಆರಬಾರದು. ಮನೆಯವರು ಅದಕ್ಕೆ ಎಣ್ಣೆ ಹಾಕಿ, ಅದರಿಂದ ತಮ್ಮ ಮನೆಯ ದೀಪ ಹಚ್ಚಿಕೊಂಡು, ಅಕ್ಕಿ, ಕಾಯಿ, ದುಡ್ಡು ಕೊಟ್ಟು ಕಳಿಸುತ್ತಾರೆ. ಲಂಬಾಣಿ ತಾಂಡಾಗಳಲ್ಲೂ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ 'ಮೇರಾ' ಅನ್ನುವ ಹಾರೈಕೆಯ ಹಾಡು ಹೇಳುತ್ತಾರೆ, ಕೇಳಲು ಬಲು ಚೆಂದ. ನಿಮ್ಮ ಮಹಡಿಯಲ್ಲಿ ನಾಲ್ಕೋ ಆರೋ ಮನೆ ಇರಬಹುದು. ಗಾಜಿನ ಲಾಟೀನಿನಲ್ಲಿ ದೀಪ ಇಟ್ಟು, ಅಜ್ಜ ಮುಂದೆ, ಮಕ್ಕಳು ಹಿಂದೆ, ಹಾಡು ಹೇಳುತ್ತಾ ಬಾಗಿಲು ಬಾಗಿಲಿಗೆ ಹೋಗಲಿ. ಪಕ್ಕದವರು ತಮಿಳರೋ ಬಿಹಾರದವರೋ ಆಗಿದ್ದರೂ ಏನಂತೆ, ಅವರ ಹಣತೆಯನ್ನು ನಿಮ್ಮ ದೀಪದಿಂದ ಹಚ್ಚಿಕೊಳ್ಳಲು ಹೇಳಿ. ಲಿಫ್ಟಿನೊಳಗೆ ದೀಪ ಒಯ್ಯಬೇಡಿ, ಒಂದೇ ಮಹಡಿ ಸಾಕು. ಅಪ್ಪ ಮೊದಲು ನಾಚಿಕೊಳ್ಳುತ್ತಾರೆ, 'ನನಗೆಲ್ಲಿ ಬರ್ತದೆ' ಅನ್ನುತ್ತಾರೆ. ಬಿಡಬೇಡಿ.

ಪಟಾಕಿಯ ಬಗ್ಗೆ ಜಾಸ್ತಿ ಉಪದೇಶ ಮಾಡುವುದಿಲ್ಲ. ಪೂರ್ತಿ ಬೇಡ ಅಂದರೆ ನಾಲ್ಕು ಮತ್ತು ಏಳು ವರ್ಷದವರು ಒಪ್ಪುವುದಿಲ್ಲ ಅಂತ ಗೊತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ ಅಂತ ಹೇಳಿದೆ. ಹಸಿರು ಪಟಾಕಿಯ ಡಬ್ಬಿ ಮೇಲೆ ಸಿಎಸ್ಐಆರ್-ನೀರಿ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯ ಗುರುತು, ಕ್ಯೂಆರ್ ಕೋಡ್ ನೋಡಿ ತನ್ನಿ. ಹಸಿರು ಅಂದ ಮಾತ್ರಕ್ಕೆ ಹೊಗೆ ಬರುವುದಿಲ್ಲ, ಕೈ ಸುಡುವುದಿಲ್ಲ ಅಂತಲ್ಲ, ಹೊಗೆ ಕಡಿಮೆ ಅಷ್ಟೇ. ರಾಕೆಟ್ಟು, ಬಾಂಬು ತರಲೇಬೇಡಿ. ಹೂಕುಂಡ, ಭೂಚಕ್ರ, ಸುರ್‌ಸುರ್‌ಬತ್ತಿ ಸಾಕು. ಸುರ್‌ಸುರ್‌ಬತ್ತಿ ಮಕ್ಕಳದ್ದು ಅಂತ ನಾಲ್ಕು ವರ್ಷದ ಕೈಗೆ ಕೊಟ್ಟು ಫೋಟೋ ತೆಗೆಯುತ್ತೇವಲ್ಲ, ಅದರ ತುದಿಯ ಬಿಸಿ ಸುಮಾರು 1000 ಡಿಗ್ರಿ ಸೆಲ್ಸಿಯಸ್. ಉರಿದು ಮುಗಿದ ತಂತಿಯನ್ನು ನೆಲಕ್ಕೆ ಬಿಸಾಡಿದರೆ ಬರಿಗಾಲಲ್ಲಿ ಇನ್ನೊಬ್ಬರು ತುಳಿಯುತ್ತಾರೆ, ಬಕೆಟ್ ನೀರಿಗೇ ಹಾಕಬೇಕು. ಚಪ್ಪಲಿ ಹಾಕಿಸಿ, ಹತ್ತಿ ಬಟ್ಟೆ ಹಾಕಿಸಿ. ಹೊಸ ಲಂಗದ ನೆರಿಗೆ ಚೆನ್ನಾಗಿರುತ್ತದೆ, ಅದನ್ನು ಬೆಳಗ್ಗೆಯೇ ಹಾಕಲಿ.

ಹತ್ತದ ಹೂಕುಂಡವನ್ನು ಬಗ್ಗಿ ನೋಡಬೇಡಿ. ಕಣ್ಣಿಗೆ ಹೊಡೆಯುವುದು ಹೆಚ್ಚಾಗಿ ಇದೇ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಪ್ರತಿ ದೀಪಾವಳಿಗೂ ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ದೂರ ನಿಂತು ನೋಡುತ್ತಿದ್ದವರೂ, ರಸ್ತೆಯಲ್ಲಿ ಸುಮ್ಮನೆ ಹೋಗುತ್ತಿದ್ದವರೂ ಇರುತ್ತಾರೆ. ಕಣ್ಣಿಗೆ ಏಟಾದರೆ ಉಜ್ಜಬೇಡಿ, ಒತ್ತಬೇಡಿ, ಮನೆಯ ಹನಿ ಔಷಧಿ ಹಾಕಬೇಡಿ, ಕಾಗದದ ಲೋಟವನ್ನು ಮುಟ್ಟದ ಹಾಗೆ ಅಡ್ಡ ಹಿಡಿದು ನೇರ ಆಸ್ಪತ್ರೆಗೆ. ಕೈ ಸುಟ್ಟರೆ ನಲ್ಲಿಯ ತಣ್ಣೀರು 20 ನಿಮಿಷ. ಅತ್ತೆಯೋ ಅಮ್ಮನೋ ಟೂತ್‌ಪೇಸ್ಟು, ಶಾಯಿ, ತುಪ್ಪ ಅಂತ ಓಡಿ ಬರುತ್ತಾರೆ. ಪ್ರೀತಿಯಿಂದಲೇ ಬೇಡ ಅನ್ನಿ.

ಇಷ್ಟೆಲ್ಲ ಕೇಳಿ ಗಾಬರಿಯಾಗಬೇಡಿ. ಎಲ್ಲವನ್ನೂ ಮಾಡಲು ಆಗದಿದ್ದರೆ, ನನ್ನ ಪ್ರಕಾರ ನೀರು ತುಂಬುವ ಸಂಜೆ, ಎಣ್ಣೆಸ್ನಾನ, ಅತ್ತೆಯ ಎಡೆ, ಈ ಮೂರನ್ನು ಬಿಡಬೇಡಿ. ಲಕ್ಷ್ಮೀ ಪೂಜೆ ಚಿಕ್ಕದಾಗಿ ಆದರೂ ನಡೆಯುತ್ತದೆ, ನಿಮ್ಮದು ಅಂಗಡಿ ವ್ಯಾಪಾರದ ಮನೆಯಲ್ಲವಲ್ಲ. ಕಜ್ಜಾಯ ಬರದಿದ್ದರೆ ಪಕ್ಕದವರು ಹೇಗೂ ಕೊಡುತ್ತಾರೆ, ಬದಲಿಗೆ ನೀವು ಹೋಳಿಗೆ ಕೊಡಿ. ಉಳಿದ ಹಣತೆ, ಎಣ್ಣೆ, ಬತ್ತಿ ಎತ್ತಿಡಿ, ಹನ್ನೆರಡನೇ ದಿನಕ್ಕೆ ತುಳಸಿ ಹಬ್ಬ ಬರುತ್ತದೆ.

ಒಂದು ಮರೆತೆ. ಮಲೆನಾಡಿನಲ್ಲಿ ಹಂಡೆಗೆ ಸುತ್ತುವುದು ಹಿಂಡಲೆಕಾಯಿ ಬಳ್ಳಿ, ಹಸಿರು ಕಾಯಿಯ ಮೇಲೆ ಬಿಳಿ ಗೆರೆ ಇರುತ್ತದಲ್ಲ, ಅದು. ಮಲ್ಲೇಶ್ವರ, ಗಾಂಧಿ ಬಜಾರಿನಲ್ಲಿ ಹುಡುಕಿ ನೋಡಬಹುದು. ಅದಕ್ಕಿಂತ ಅಮ್ಮನಿಗೆ ಇವತ್ತೇ ಫೋನ್ ಮಾಡಿ, ಬರುವಾಗ ಬೇಲಿಯಿಂದ ಒಂದು ಮಾರು ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ತರಲು ಹೇಳಿ. ನೋಡಲು ಚಂದ ಅಂತ ಚಿಕ್ಕದು ಬಾಯಿಗೆ ಹಾಕಿಕೊಂಡೀತು, ಅದು ತಿನ್ನುವ ಕಾಯಿ ಅಲ್ಲ, ಎಟಕದಷ್ಟು ಎತ್ತರಕ್ಕೆ ಕಟ್ಟಿ.